ಹಳೆಯ ಮಾರುತಿ 800: ಎಂಜಿನ್ ಬಿಚ್ಚಿಸಬೇಕೇ, ಇದ್ದಂತೆಯೇ ಓಡಿಸಬೇಕೇ?

ಹದಿನೈದು ವರ್ಷ ದಾಟಿದ ಕಾರು ಇಟ್ಟುಕೊಂಡಿರುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಘಾಟಿಯಲ್ಲಿ ಗಾಡಿ ಎಳೆಯುವುದಿಲ್ಲ. ಸೈಲೆನ್ಸರಿನಲ್ಲಿ ಹೊಗೆ ಕಾಣುತ್ತದೆ. ಆಯಿಲ್ ಕಡಿಮೆಯಾಗುತ್ತಿದೆ. ವರ್ಕ್‌ಶಾಪಿಗೆ ಹೋದರೆ "ಎಂಜಿನ್ ಕೆಲಸಕ್ಕೆ ಬಂದಿದೆ" ಎಂಬ ಉತ್ತರ ಬರುತ್ತದೆ. ಪಕ್ಕದಲ್ಲಿ ನಿಂತವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹೇಗೂ ಬಿಚ್ಚುತ್ತೀರಿ, ಬೋರ್ ದೊಡ್ಡದು ಮಾಡಿಸಿಬಿಡಿ, ಇಲ್ಲವೇ ಆಲ್ಟೋ ಎಂಜಿನ್ ಕೂರಿಸಿ" ಎನ್ನುತ್ತಾರೆ.

ಈ ಮಾತುಗಳನ್ನು ನಂಬಿ ಕಾರಿನ ಬೆಲೆಗಿಂತ ಹೆಚ್ಚು ಹಣವನ್ನು ಎಂಜಿನ್ನಿಗೆ ಸುರಿದವರಿದ್ದಾರೆ. ಬಿಚ್ಚಬೇಕಾದ ಎಂಜಿನ್ನನ್ನು ಬಿಚ್ಚದೆ ಓಡಿಸಿ ಕ್ರ್ಯಾಂಕ್ ಹಾಳು ಮಾಡಿಕೊಂಡವರೂ ಇದ್ದಾರೆ. ಎರಡರಲ್ಲೂ ತಪ್ಪು ಒಂದೇ, ಅಳತೆ ಮಾಡದೆ ನಿರ್ಧಾರ ತೆಗೆದುಕೊಂಡದ್ದು. ನೀಲಗಿರಿಯಂಥ ಬೆಟ್ಟದ ಜಿಲ್ಲೆಯಲ್ಲಿ ಈ ತಪ್ಪಿಗೆ ಅವಕಾಶ ಇನ್ನೂ ಹೆಚ್ಚು. ಬಯಲಿನಲ್ಲಿ ಚೆನ್ನಾಗಿರುವ ಎಂಜಿನ್ ಕೂಡ ಇಲ್ಲಿ ಸೋತಂತೆ ಕಾಣುತ್ತದೆ.

ನಮ್ಮ ಊರುಗಳಲ್ಲಿ ಇನ್ನೂ ಕಾಣಸಿಗುವ ಮಾರುತಿ 800 ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ನಿರ್ಧಾರಕ್ಕೆ ಬರುವ ದಾರಿಯನ್ನು ಇಲ್ಲಿ ಕೊಡಲಾಗಿದೆ. ಪರೀಕ್ಷೆಯ ಕ್ರಮ ಬೇರೆ ಪೆಟ್ರೋಲ್ ಕಾರುಗಳಿಗೂ ಹೊಂದುತ್ತದೆ.

ಎಂಜಿನ್ನಿನ ಪರಿಚಯ

ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಈ ಮೂವತ್ತು ವರ್ಷಗಳಲ್ಲಿ ದೇಶದೊಳಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು.

ಇದರ ಎಂಜಿನ್ ಸುಜುಕಿಯ ಎಫ್8ಬಿ. ಮೂರು ಸಿಲಿಂಡರ್, ಆರು ವಾಲ್ವ್, 796 ಸಿ.ಸಿ. ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್, 68.5 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್, 72 ಮಿ.ಮೀ. ಶಕ್ತಿ ಸುಮಾರು 37 ಅಶ್ವಶಕ್ತಿ, ಗಾಡಿಯ ತೂಕ ಸುಮಾರು 650 ಕೆ.ಜಿ. ಮೊದಲ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಇತ್ತು. 2000ರ ಸುಮಾರಿಗೆ ಎಂಪಿಎಫ್‌ಐ ಬಂತು. ಕೆಲವು ಕಾಲ 12 ವಾಲ್ವಿನ, ಐದು ಗೇರಿನ 800 ಕೂಡ ಮಾರಾಟದಲ್ಲಿತ್ತು. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ನಿಮ್ಮ ಗಾಡಿ ಯಾವುದು ಎಂದು ಖಚಿತಪಡಿಸಿಕೊಳ್ಳಿ.

ಇದೇ ಕುಟುಂಬದ 796 ಸಿ.ಸಿ. ಎಂಜಿನ್ ಮಾರುತಿ ಒಮ್ನಿಯಲ್ಲಿ 2019ರವರೆಗೂ ಇತ್ತು. ಹೀಗಾಗಿ 800 ನಿಂತು ಇಷ್ಟು ವರ್ಷವಾದರೂ ಅದರ ಎಂಜಿನ್ ಭಾಗಗಳ ಬೇಡಿಕೆ ಪೂರ್ತಿ ಸತ್ತಿಲ್ಲ. ಆದರೆ ಒಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, 800ರಲ್ಲಿ ಅಡ್ಡಲಾಗಿ. ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುವುದಿಲ್ಲ.

ಬೆಟ್ಟದಲ್ಲಿ ಎಂಜಿನ್ ಬೇರೆಯಾಗಿ ಕಾಣುತ್ತದೆ

ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಮೀಟರಿಗೆ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಬಯಲಿನಲ್ಲಿ 37 ಅಶ್ವಶಕ್ತಿ ಕೊಡುವ ಎಂಜಿನ್ ಉದಕಮಂಡಲದಲ್ಲಿ 29-30ರ ಹತ್ತಿರ ಕೊಡುತ್ತದೆ. ನಾಲ್ಕು ಜನ ಕೂತು ಏರು ಹತ್ತಿದರೆ ಗಾಡಿ ಏದುಸಿರು ಬಿಡುವುದು ಸಹಜ. ಹೊಸ ಎಂಜಿನ್ ಹಾಕಿದರೂ ಈ ನಷ್ಟ ತಪ್ಪುವುದಿಲ್ಲ.

ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಂದರೆ ಇದೆ. ಕೊಯಮತ್ತೂರಿನಲ್ಲಿ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ ಬೆಟ್ಟಕ್ಕೆ ಬಂದಾಗ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಎಂಬಂತಾಗುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಇಳಿದ ಮೈಲೇಜ್ ಮೂರೂ ಇದರಿಂದ ಬರಬಹುದು. ಎಂಪಿಎಫ್‌ಐ ಗಾಡಿಯಲ್ಲಿ ಸೆನ್ಸರ್ ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಕಡಿಮೆ ಮಾಡುತ್ತದೆ.

ಎಳೆತ ಕಡಿಮೆಯಾದಾಗ ಎಂಜಿನ್ನನ್ನು ದೂರುವ ಮೊದಲು ಇವನ್ನು ನೋಡಿ:

- ಕ್ಲಚ್ ಸವೆದಿದೆಯೇ? ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ, ವೇಗ ಏರದಿದ್ದರೆ ಅದು ಕ್ಲಚ್ ಜಾರುವ ಲಕ್ಷಣ. ಘಾಟಿ ರಸ್ತೆಯಲ್ಲಿ ಕ್ಲಚ್ ಬೇಗ ಸವೆಯುತ್ತದೆ.
- ಬ್ರೇಕ್ ಹಿಡಿದುಕೊಂಡಿದೆಯೇ? ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಕೈಯಿಂದ ತಳ್ಳಿದರೆ ಗೊತ್ತಾಗುತ್ತದೆ.
- ಏರ್ ಫಿಲ್ಟರ್ ಕಟ್ಟಿದೆಯೇ? ಸೈಲೆನ್ಸರ್ ಒಳಗೆ ಮುಚ್ಚಿಕೊಂಡಿದೆಯೇ?
- ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆಯೇ? ಅಷ್ಟಕ್ಕೇ ಎಳೆತ ಇಳಿಯುತ್ತದೆ, ಕಂಪ್ರೆಷನ್ ಕೂಡ ಕಡಿಮೆ ತೋರಿಸುತ್ತದೆ.
- ವಾಲ್ವಿನ ಸಂದು, ಅಂದರೆ ಟ್ಯಾಪೆಟ್ ಕ್ಲಿಯರೆನ್ಸ್, ಸರಿಯಿದೆಯೇ?

ಇವುಗಳಲ್ಲಿ ಯಾವುದಕ್ಕೂ ಎಂಜಿನ್ ಬಿಚ್ಚಬೇಕಾಗಿಲ್ಲ.

ಹೊಗೆಯ ಬಣ್ಣ ಏನು ಹೇಳುತ್ತದೆ?

ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಇದು ಟ್ಯೂನಿಂಗ್ ಕೆಲಸ, ಎಂಜಿನ್ ಕೆಲಸವಲ್ಲ.

ಬಿಳಿ ಹೊಗೆ ಚಳಿಗಾಲದ ಬೆಳಿಗ್ಗೆ ಎಲ್ಲ ಗಾಡಿಗಳಲ್ಲೂ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಊರಿನಲ್ಲಿ ಅದು ಬರೀ ನೀರಾವಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೇಪ ಕಂಡರೆ ಅನೇಕರು ಹೆದರುತ್ತಾರೆ. ಚಳಿ ಊರಿನಲ್ಲಿ ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆಯಿಲಿನೊಂದಿಗೆ ಸೇರಿ ಹೀಗಾಗುತ್ತದೆ. ಒಂದು ಗಂಟೆ ದೂರ ಓಡಿಸಿ ನೋಡಿ. ಲೇಪ ಹೋದರೆ, ರೇಡಿಯೇಟರ್ ನೀರೂ ಕಡಿಮೆಯಾಗದಿದ್ದರೆ ಚಿಂತೆಯಿಲ್ಲ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲುಬೆರೆತ ಚಹಾದಂತೆ ಕಂಡರೆ ಮಾತ್ರ ಗಾಡಿ ನಿಲ್ಲಿಸಿ.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಇಲ್ಲಿ ಯಾವಾಗ ಬರುತ್ತದೆ ಎಂಬುದು ಮುಖ್ಯ. ಇದನ್ನು ತಿಳಿಯಲು ನಮ್ಮ ಘಾಟಿಗಳಿಗಿಂತ ಒಳ್ಳೆಯ ಪರೀಕ್ಷಾ ಸ್ಥಳ ಬೇರೆ ಇಲ್ಲ. ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನಾಗಲಿ, ಕೂನೂರಿನಿಂದ ಬರ್ಲಿಯಾರ್ ಕಡೆಗಿನ ಇಳಿಜಾರನ್ನಾಗಲಿ ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿನೊಳಗೆ ಹೀರುವ ಸೆಳೆತ ತುಂಬ ಹೆಚ್ಚಿರುತ್ತದೆ. ವಾಲ್ವಿನ ಆಯಿಲ್ ಸೀಲ್ ಗಟ್ಟಿಯಾಗಿದ್ದರೆ ಆ ಸೆಳೆತಕ್ಕೆ ಮೇಲಿನಿಂದ ಆಯಿಲ್ ಒಳಗೆ ಇಳಿಯುತ್ತದೆ. ಕೆಳಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ನೀಲಿ ಹೊಗೆ ಉಗುಳಿ ನಂತರ ನಿಲ್ಲುತ್ತದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಬಂದರೂ ಅನುಮಾನ ಇದೇ ಸೀಲುಗಳ ಮೇಲೆ. ಇದು ಸಣ್ಣ ಕೆಲಸ.

ಏರು ಹತ್ತುವಾಗ ಎಂಜಿನ್ ಮೇಲೆ ಭಾರ ಬಿದ್ದಷ್ಟು ಹೊತ್ತೂ ನೀಲಿ ಹೊಗೆ ಬರುತ್ತಿದ್ದರೆ, ಜೊತೆಗೆ ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಗಾಳಿ ಹೊರಬಂದರೆ, ಪಿಸ್ಟನ್ ರಿಂಗು ಅಥವಾ ಬೋರ್ ಸವೆದಿದೆ ಎಂದು ಅರ್ಥ. ಮೆಕ್ಯಾನಿಕ್‌ಗಳು ಇದನ್ನೇ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಹೀಗೆ ಕಾಣಬಹುದು. ಮೊದಲು ಅದನ್ನು ತೊಳೆದು ನೋಡಬೇಕು.

ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಬಿಚ್ಚಬೇಡಿ

ಹೊಗೆ ಅನುಮಾನ ಹುಟ್ಟಿಸುತ್ತದೆ, ಖಚಿತ ಮಾಡುವುದು ಕಂಪ್ರೆಷನ್ ಗೇಜ್. ಅರ್ಧ ಗಂಟೆಯ ಕೆಲಸ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಮೂರೂ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಸರಬರಾಜು ಕಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಮೂರು ಸಿಲಿಂಡರಿನ ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ.

ಇಲ್ಲಿ ಬೆಟ್ಟದವರು ನೆನಪಿಡಬೇಕಾದ ಒಂದು ವಿಷಯ ಇದೆ. ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕ. ಉದಕಮಂಡಲದಲ್ಲಿ ಗಾಳಿಯ ಒತ್ತಡವೇ ಕಡಿಮೆ ಇರುವುದರಿಂದ ಗೇಜ್ ಕೂಡ ಕಡಿಮೆ ತೋರಿಸುತ್ತದೆ. ಮೆಟ್ಟುಪಾಳ್ಯದಲ್ಲಿ 170 ಪಿಎಸ್‌ಐ ತೋರಿಸುವ ಎಂಜಿನ್ ಉದಕಮಂಡಲದಲ್ಲಿ 135ರ ಆಸುಪಾಸು ತೋರಿಸಬಹುದು. ಎಂಜಿನ್ ಸವೆದಿಲ್ಲ, ಗಾಳಿ ತೆಳುವಾಗಿದೆ ಅಷ್ಟೆ. ಈ ಅಂಕಿಯನ್ನು ಬಯಲಿನ ಅಂಕಿಗೆ ಹೋಲಿಸಿ "ಎಂಜಿನ್ ಮುಗಿಯಿತು" ಎನ್ನುವುದು ತಪ್ಪು.

ಆದ್ದರಿಂದ ಒಂದೊಂದು ಸಿಲಿಂಡರಿನ ಅಂಕಿಗಿಂತ ಮೂರರ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ. ಮೂರೂ ಒಂದಕ್ಕೊಂದು ಶೇ. 10ರ ಒಳಗೆ ಇದ್ದು, ಎತ್ತರದ ಲೆಕ್ಕ ಕಳೆದ ಮೇಲೂ ಸಮಾಧಾನಕರವಾಗಿದ್ದರೆ ಎಂಜಿನ್ನಿಗೆ ಕೈ ಹಚ್ಚಬೇಡಿ. ಒಂದು ಮಾತ್ರ ತೀರ ಕೆಳಗಿದ್ದರೆ ತೊಂದರೆ ಆ ಸಿಲಿಂಡರಿನಲ್ಲಿದೆ. ಅಕ್ಕಪಕ್ಕದ ಎರಡು ಸಮನಾಗಿ ಕೆಳಗಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ಮುಂದಿನ ಹೆಜ್ಜೆ, ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಗೇಜ್ ಹಚ್ಚುವುದು. ಅಂಕಿ ಚೆನ್ನಾಗಿ ಏರಿದರೆ ದೋಷ ರಿಂಗು, ಬೋರಿನಲ್ಲಿದೆ. ಏಕೆಂದರೆ ಆಯಿಲ್ ಅಲ್ಲಿನ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಏರದಿದ್ದರೆ ದೋಷ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಇಷ್ಟು ತಿಳಿದರೆ ಕೆಲಸ ಎಂಜಿನ್ನಿನ ಮೇಲ್ಭಾಗದಲ್ಲಿ ಮುಗಿಯುತ್ತದೆಯೇ, ಕೆಳಗಿನವರೆಗೆ ಹೋಗಬೇಕೇ ಎಂಬುದು ಗೊತ್ತಾಗುತ್ತದೆ.

ಆಯಿಲ್ ಕುಡಿಯುವ ಎಂಜಿನ್ನಿನ ಲೆಕ್ಕ

"ಆಯಿಲ್ ಕುಡಿಯುತ್ತದೆ" ಎಂಬ ಒಂದೇ ಕಾರಣಕ್ಕೆ ಎಂಜಿನ್ ಬಿಚ್ಚುವುದು ಅನೇಕ ಸಲ ನಷ್ಟದ ವ್ಯವಹಾರ. ಒಂದು ಕಾರು 1,500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ, ವರ್ಷಕ್ಕೆ 6,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಲೀಟರ್. ಲೀಟರಿಗೆ 400 ರೂ. ಹಿಡಿದರೂ 1,600 ರೂ. ಐದು ವರ್ಷಕ್ಕೆ 8,000 ರೂ. ಪೂರ್ತಿ ಎಂಜಿನ್ ಕೆಲಸದ ಅಂದಾಜು ಪಟ್ಟಿಯನ್ನು ಈ ಮೊತ್ತದ ಪಕ್ಕದಲ್ಲಿ ಇಟ್ಟು ನೋಡಿ.

ಹೊಗೆ ತಪಾಸಣೆಯಲ್ಲಿ ಪಾಸಾಗುತ್ತಿದ್ದರೆ, ಪ್ಲಗ್ ಮೇಲಿಂದ ಮೇಲೆ ಆಯಿಲ್ ಹಿಡಿಯದಿದ್ದರೆ, ಇಂಥ ಗಾಡಿಯನ್ನು ಆಯಿಲ್ ತುಂಬುತ್ತಾ ಓಡಿಸುವುದೇ ಲಾಭ. ಆದರೆ ಒಂದು ಷರತ್ತು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಲೇಬೇಕು. ಈ ಎಂಜಿನ್ನಿನಲ್ಲಿ ಹಿಡಿಯುವುದೇ ಸುಮಾರು ಮೂರು ಲೀಟರ್. ಅದರಲ್ಲಿ ಒಂದೂವರೆ ಲೀಟರ್ ಹೋದ ಮೇಲೆ ಘಾಟಿಯ ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪಿಗೆ ಸಿಗದೆ ಹೋದರೆ, ಒಂದೇ ದಿನದಲ್ಲಿ ಬೇರಿಂಗ್ ಹೋಗುತ್ತದೆ.

ಆಯಿಲ್ ಉರಿಯುತ್ತಿದೆ ಎಂದು ತೀರ್ಮಾನಿಸುವ ಮೊದಲು ಸೋರಿಕೆಯನ್ನೂ ನೋಡಬೇಕು. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ.

ತಡ ಮಾಡದೆ ಬಿಚ್ಚಬೇಕಾದ ಸಂದರ್ಭಗಳು

ಈ ಲಕ್ಷಣಗಳು ಕಂಡರೆ ಮುಂದೂಡಬಾರದು:

1. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ಪ್ರೆಷರಿನ ಕೆಂಪು ದೀಪ ಮಿನುಗುವುದು. ಮೊದಲು ಆಯಿಲ್ ಮಟ್ಟ ನೋಡಿ, ನಂತರ ಬೇರೆ ಗೇಜ್ ಹಚ್ಚಿ ಒತ್ತಡ ಅಳೆಯಿಸಿ. ಸೆನ್ಸರ್ ಕೆಟ್ಟಿದ್ದರೂ ಹೀಗಾಗುತ್ತದೆ. ಒತ್ತಡವೇ ಕಡಿಮೆ ಎಂದಾದರೆ ಬೇರಿಂಗ್ ಅಥವಾ ಆಯಿಲ್ ಪಂಪ್ ಸವೆದಿದೆ.

2. ಎಂಜಿನ್ನಿನ ಕೆಳಭಾಗದಿಂದ ಭಾರವಾದ ಬಡಿತ, ಅದರಲ್ಲೂ ಏರಿನಲ್ಲಿ ಹೆಚ್ಚಾಗುವುದು. ಇದು ಬಿಗ್ ಎಂಡ್ ಬೇರಿಂಗಿನ ಸದ್ದಾಗಿರಬಹುದು. ಗಾಡಿಯನ್ನು ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಹೋಗಬೇಕು. ಇನ್ನು ಹತ್ತು ಕಿ.ಮೀ. ಓಡಿಸಿದರೆ ಬೇರಿಂಗಿನ ಜೊತೆ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಕೊನೆಗೆ ಬ್ಲಾಕ್ ಕೂಡ ಹೋಗಬಹುದು.

3. ಆಯಿಲಿನಲ್ಲಿ ನೀರು ಬೆರೆತಿರುವುದು, ಅಥವಾ ರೇಡಿಯೇಟರಿನಲ್ಲಿ ಸತತವಾಗಿ ಗುಳ್ಳೆ ಬರುವುದು.

4. ಎಂಜಿನ್ ಮಿತಿಮೀರಿ ಕಾದು ನಿಂತುಹೋದ ಮೇಲೆ ಮಿಸ್ಸಿಂಗ್ ಆರಂಭವಾಗುವುದು. ಅಲ್ಯೂಮಿನಿಯಂ ಹೆಡ್ ಬಾಗಿರಬಹುದು.

5. ಹೊಸ ಆಯಿಲ್ ಹಾಕಿ ಕೆಲವೇ ಕಿ.ಮೀ. ಓಡಿಸಿದರೂ ಅದರಲ್ಲಿ ಲೋಹದ ಚೂರು ಹೊಳೆಯುವುದು.

ಎಷ್ಟು ಬಿಚ್ಚಬೇಕು?

ಎಂಜಿನ್ ಕೆಲಸ ಎಂದರೆ ಒಂದೇ ಕೆಲಸವಲ್ಲ. ಅದರಲ್ಲಿ ನಾಲ್ಕು ಹಂತಗಳಿವೆ. ಪರೀಕ್ಷೆ ಯಾವ ಹಂತವನ್ನು ಕೇಳುತ್ತದೆಯೋ ಅಲ್ಲಿಗೇ ನಿಲ್ಲಿಸುವುದು ಜಾಣತನ.

ಮೊದಲ ಹಂತ, ಬಿಚ್ಚದೆ ಮಾಡುವ ಕೆಲಸ. ಟ್ಯೂನಿಂಗ್, ಟ್ಯಾಪೆಟ್, ಟೈಮಿಂಗ್ ಬೆಲ್ಟ್, ಥರ್ಮೋಸ್ಟಾಟ್, ಸೋರುವ ಸೀಲುಗಳು. ವಾಲ್ವಿನ ಆಯಿಲ್ ಸೀಲನ್ನು ಅನುಭವಿ ಮೆಕ್ಯಾನಿಕ್ ಹೆಡ್ ಇಳಿಸದೆಯೇ ಬದಲಿಸುವುದೂ ಉಂಟು. ಗಾಡಿ ಕಾಯದಿರಲಿ ಎಂದು ಥರ್ಮೋಸ್ಟಾಟ್ ಕಿತ್ತುಹಾಕುವ ಅಭ್ಯಾಸ ಬಯಲಿನಲ್ಲಿದೆ. ಚಳಿ ಬೆಟ್ಟದಲ್ಲಿ ಅದು ಎಂಜಿನ್ನಿಗೆ ಕೇಡು. ತಣ್ಣಗೆ ಓಡುವ ಎಂಜಿನ್ ಬೇಗ ಸವೆಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇದೆಯೇ ಎಂದು ಕೇಳಿ ಹಾಕಿಸಿ.

ಎರಡನೆಯದು, ಹೆಡ್ ಕೆಲಸ. ಹೆಡ್ ಇಳಿಸಿ ವಾಲ್ವ್ ಉಜ್ಜಿ ಕೂರಿಸುವುದು, ಗೈಡ್ ಬದಲಿಸುವುದು, ಹೆಡ್ಡಿನ ಮೇಲ್ಮೈ ಸಮ ಇದೆಯೇ ಎಂದು ನೋಡಿ ಹೊಸ ಗ್ಯಾಸ್ಕೆಟ್ ಹಾಕುವುದು.

ಮೂರನೆಯದು, ರಿಂಗ್ ಕೆಲಸ. ಬೋರ್ ಹೆಚ್ಚು ಸವೆಯದೆ ರಿಂಗ್ ಮಾತ್ರ ಸೋತಿದ್ದರೆ, ಸಿಲಿಂಡರನ್ನು ಹಾನಿಂಗ್ ಮಾಡಿ ಹೊಸ ರಿಂಗ್ ಹಾಕಬಹುದು. ಸಿಲಿಂಡರ್ ಮೇಲೆ ಅಗಲ, ಕೆಳಗೆ ಕಿರಿದು ಎಂಬಂತೆ ಸವೆದಿದ್ದರೆ ಹೊಸ ರಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಹಣ ಉಳಿಸಲೆಂದು ಹೀಗೆ ಮಾಡಿಸಿದರೆ ಅದೇ ಕೆಲಸ ಮತ್ತೆ ಬರುತ್ತದೆ.

ನಾಲ್ಕನೆಯದು, ಪೂರ್ತಿ ಎಂಜಿನ್ ಕೆಲಸ. ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು, ಕ್ರ್ಯಾಂಕ್ ಅಳೆದು ಅಗತ್ಯವಿದ್ದರೆ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕುವುದು, ಆಯಿಲ್ ಪಂಪ್ ನೋಡುವುದು. ಇದಕ್ಕೆ ಒಳ್ಳೆಯ ಬೋರಿಂಗ್ ಯಂತ್ರ, ಅಳತೆಯ ಸಾಧನ, ಅದನ್ನು ಬಲ್ಲ ಕೈ ಬೇಕು. ಇದಕ್ಕಾಗಿ ಬ್ಲಾಕನ್ನು ಕೊಯಮತ್ತೂರಿಗೆ ಇಳಿಸಬೇಕಾದರೂ ಬೇಸರ ಬೇಡ.

ಹಳೆಯ ಸಾಮಾನಿನ ಅಂಗಡಿಯಿಂದ ಇನ್ನೊಂದು ಎಂಜಿನ್ ತಂದು ಕೂರಿಸುವುದು ಸುಲಭವಾಗಿ ಕಾಣುತ್ತದೆ. ಆದರೆ ಅದು ಎಷ್ಟು ಓಡಿದೆ, ಏಕೆ ಇಳಿಸಲಾಯಿತು ಎಂಬುದು ಗೊತ್ತಿರುವುದಿಲ್ಲ. ಎಂಜಿನ್ ನಂಬರ್ ಬದಲಾಗುವುದರಿಂದ ಕಾಗದದ ತೊಂದರೆ ಬೇರೆ.

ಬೋರ್ ಮಾಡಿಸಿದರೆ ಶಕ್ತಿ ಹೆಚ್ಚುತ್ತದೆಯೇ?

ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. 68.5 ಮಿ.ಮೀ. ಬೋರನ್ನು ಅರ್ಧ ಮಿ.ಮೀ. ಹೆಚ್ಚಿಸಿ 69 ಮಾಡಿದರೆ ಎಂಜಿನ್ 796ರಿಂದ ಸುಮಾರು 808 ಸಿ.ಸಿ. ಆಗುತ್ತದೆ. ಹೆಚ್ಚಾದದ್ದು 12 ಸಿ.ಸಿ., ಅಂದರೆ ಶೇ. 1.5. ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಬೋರ್ ಮಾಡಿಸಿದ ಗಾಡಿ ಚೆನ್ನಾಗಿ ಎಳೆಯುವುದು ಸಿ.ಸಿ. ಹೆಚ್ಚಾದದ್ದಕ್ಕಲ್ಲ, ಸೋರುತ್ತಿದ್ದ ಕಂಪ್ರೆಷನ್ ಮತ್ತೆ ನಿಂತದ್ದಕ್ಕೆ. ಆದ್ದರಿಂದ ಸವೆತ ತೆಗೆಯಲು ಎಷ್ಟು ಬೇಕೋ ಅಷ್ಟೇ ಬೋರ್ ಮಾಡಿಸಿ. 0.25 ಸಾಕಾದರೆ 0.50ಕ್ಕೆ ಹೋಗಬೇಡಿ. ಗೋಡೆಯ ಲೋಹ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಮುಂದಿನ ರಿಪೇರಿಗೂ ಅದು ಬೇಕು.

ಹೆಡ್ ಹೆಚ್ಚು ಕೊರೆದು ಕಂಪ್ರೆಷನ್ ಏರಿಸುವುದು, ದೊಡ್ಡ ಕಾರ್ಬ್ಯುರೇಟರ್ ಹಾಕುವುದು ಇವೆಲ್ಲ ಮಾಡಿದರೆ ಶಕ್ತಿ ಸ್ವಲ್ಪ ಹೆಚ್ಚಬಹುದು. ಆದರೆ ಕಂಪ್ರೆಷನ್ ಏರಿದ ಎಂಜಿನ್ ಬೆಟ್ಟದಲ್ಲಿ ಸುಮ್ಮನಿದ್ದು, ಬಯಲಿಗೆ ಇಳಿದಾಗ ಸೆಕೆಯಲ್ಲಿ ಕಟಕಟ ಸದ್ದು ಮಾಡಬಹುದು. ಆ ಸದ್ದು ಪಿಸ್ಟನ್ನಿಗೆ ಪೆಟ್ಟು. ಇನ್ನೊಂದು ಮಾತು, ಘಾಟಿಯಲ್ಲಿ ಹತ್ತಿದ್ದನ್ನು ಇಳಿಯಲೂ ಬೇಕು. ಕಂಪೆನಿ ಈ ಗಾಡಿಯ ಬ್ರೇಕು, ಕ್ಲಚ್ಚು, ಗೇರು, ರೇಡಿಯೇಟರುಗಳನ್ನು ಈ ಎಂಜಿನ್ನಿನ ಶಕ್ತಿಗೆ ತಕ್ಕಂತೆ ಕೊಟ್ಟಿದೆ. ಎಂಜಿನ್ ಒಂದನ್ನೇ ಬೆಳೆಸಿದರೆ ಉಳಿದವು ಹಿಂದೆ ಬೀಳುತ್ತವೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಆರ್.ಸಿ.ಯ ವಿವರಗಳು ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಕಂಪೆನಿ ರಿಪೇರಿಗೆಂದೇ ನಿಗದಿಪಡಿಸಿದ ಓವರ್‌ಸೈಜ್ ಪಿಸ್ಟನ್ ಹಾಕಿ ಎಂಜಿನ್ನನ್ನು ಸರಿಪಡಿಸುವುದು ದುರಸ್ತಿ. ಬೇರೆ ಮಾದರಿಯ ಎಂಜಿನ್ ಕೂರಿಸುವುದು ಮಾರ್ಪಾಡು. ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕುವುದಾದರೂ ಮೊದಲೇ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಹೊಸ ನಂಬರನ್ನು ಆರ್.ಸಿ.ಗೆ ಸೇರಿಸಿಕೊಳ್ಳಬೇಕು. ನಂಬರ್ ಹೊಂದದ ಗಾಡಿಗೆ ಅಪಘಾತವಾದರೆ ವಿಮೆಯವರೊಂದಿಗೆ ತಕರಾರು ಬರುತ್ತದೆ. ಮಾರುವಾಗಲೂ ಕಷ್ಟ.

ಮೂಲ ಎಂಜಿನ್ ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. 1983ರ ಮೊದಲ ಮಾರುತಿಗಳಿಗೆ 2033ರಲ್ಲಿ ಐವತ್ತು ತುಂಬುತ್ತದೆ. ಹಳೆಯ ಎಸ್ಎಸ್80 ಇರುವವರು ಇದನ್ನು ಮರೆಯಬಾರದು.

ಎಂಜಿನ್ನಿಗೆ ಮೊದಲು ತಗಡು ನೋಡಿ

ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕವೂ ಬಹಳ ಏರಿತು. ಕೊನೆಯದಾಗಿ 2014ರಲ್ಲಿ ಬಂದ 800ಗಳಿಗೂ 2029ಕ್ಕೆ 15 ತುಂಬುತ್ತದೆ.

ಆದ್ದರಿಂದ ಎಂಜಿನ್ನಿಗೆ ಹಣ ಹಾಕುವ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿ. ಎರಡು ಮಳೆಗಾಲ ಕಾಣುವ ನಮ್ಮ ಜಿಲ್ಲೆಯಲ್ಲಿ ಹಳೆಯ ಕಾರುಗಳು ಎಂಜಿನ್ನಿನಿಂದ ಸಾಯುವುದಕ್ಕಿಂತ ತುಕ್ಕಿನಿಂದ ಸಾಯುವುದು ಹೆಚ್ಚು. ಮ್ಯಾಟಿನ ಕೆಳಗಿನ ನೆಲ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪ್ ಇವು ತಿಂದುಹೋಗಿದ್ದರೆ ಹೊಸ ಎಂಜಿನ್ ಹಾಕಿದರೂ ಆ ಗಾಡಿ ಮುಂದಿನ ತಪಾಸಣೆ ದಾಟುವುದಿಲ್ಲ. ತಗಡು ಗಟ್ಟಿಯಿದ್ದು, ಆರ್.ಸಿ. ಇನ್ನೂ ನಾಲ್ಕೈದು ವರ್ಷ ಇದ್ದರೆ ಮಾತ್ರ ದೊಡ್ಡ ಕೆಲಸದ ಮಾತು.

ಕೆಲಸ ಕೊಡುವಾಗ ಕೇಳಬೇಕಾದದ್ದು

- ಬಿಚ್ಚುವ ಮೊದಲಿನ ಕಂಪ್ರೆಷನ್ ಅಂಕಿಗಳನ್ನು ಬರೆದು ಕೊಡಲಿ.
- ಬೋರಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ತೆಗೆದು ತೋರಿಸಲಿ.
- ಮೊದಲು ಪಿಸ್ಟನ್ ಕೈಗೆ ಬರಲಿ, ಅದನ್ನು ಅಳೆದ ಮೇಲೆ ಬೋರಿಂಗ್ ಆಗಲಿ.
- ಹೆಡ್ ಬೋಲ್ಟ್, ಬೇರಿಂಗ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಲಿ.
- ಭಾಗ, ಲೇತ್ ಕೆಲಸ, ಮೆಕ್ಯಾನಿಕ್ ಕೂಲಿ ಮೂರಕ್ಕೂ ಬೇರೆ ಬೇರೆ ಅಂದಾಜು ಇರಲಿ.
- ಬದಲಿಸಿದ ಹಳೆಯ ಭಾಗಗಳನ್ನು ಹಿಂದಕ್ಕೆ ಕೊಡಲಿ.

ಅಳತೆ ತೋರಿಸಲು ಹಿಂಜರಿಯುವ ಕಡೆ ಎಂಜಿನ್ ಬಿಡಬೇಡಿ.

ಕೆಲಸ ಮುಗಿದ ಮೇಲೆ

ಪೂರ್ತಿ ಕೆಲಸವಾದ ಎಂಜಿನ್ನಿಗೆ ಮೊದಲ 1,000 ಕಿ.ಮೀ. ಮುಖ್ಯ. ರಿಂಗು ಮತ್ತು ಸಿಲಿಂಡರ್ ಒಂದಕ್ಕೊಂದು ಹೊಂದಿಕೊಳ್ಳುವ ಸಮಯ ಅದು. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ. ಏರಿನಲ್ಲಿ ಮೇಲಿನ ಗೇರಿನಲ್ಲಿಟ್ಟು ಎಂಜಿನ್ನನ್ನು ಗೋಳಾಡಿಸಬೇಡಿ, ಬೇಗ ಕೆಳಗಿನ ಗೇರಿಗೆ ಬನ್ನಿ. ಐದುನೂರು ಕಿ.ಮೀ. ಆಗುತ್ತಲೇ ಆಯಿಲ್, ಫಿಲ್ಟರ್ ಬದಲಿಸಿ, ಸಾವಿರಕ್ಕೆ ಇನ್ನೊಮ್ಮೆ. ಮೊದಲ ದಿನಗಳಲ್ಲಿ ಆಯಿಲ್ ಮತ್ತು ರೇಡಿಯೇಟರ್ ನೀರನ್ನು ದಿನವೂ ನೋಡಿ. ಸಾವಿರ ಕಿ.ಮೀ. ಆದ ಮೇಲೆ ಮತ್ತೊಮ್ಮೆ ಕಂಪ್ರೆಷನ್ ಅಳೆದು ಬರೆದಿಡಿ. ಮುಂದಿನ ಸಲ ಅನುಮಾನ ಬಂದಾಗ ಹೋಲಿಸಲು ನಿಮ್ಮ ಊರಿನ ಎತ್ತರದ್ದೇ ಅಂಕಿ ಕೈಯಲ್ಲಿರುತ್ತದೆ.

ಒಟ್ಟಿನಲ್ಲಿ

ಮೂರು ಸಿಲಿಂಡರೂ ಸಮನಾಗಿದ್ದು, ಆಯಿಲ್ ಒತ್ತಡ ಸರಿಯಿದ್ದು, ಬಡಿತವಿಲ್ಲದಿದ್ದರೆ ಎಂಜಿನ್ ಇದ್ದಂತೆಯೇ ಇರಲಿ. ದೋಷ ಮೇಲ್ಭಾಗದಲ್ಲಿದ್ದರೆ ಹೆಡ್ ಕೆಲಸಕ್ಕೆ ನಿಲ್ಲಿಸಿ. ರಿಂಗು, ಬೋರು, ಬೇರಿಂಗ್ ಸವೆದದ್ದು ಅಳತೆಯಲ್ಲೇ ಕಂಡು, ತಗಡೂ ಗಟ್ಟಿಯಿದ್ದರೆ ಪೂರ್ತಿ ಕೆಲಸ ಮಾಡಿಸಿ, ಆದರೆ ಕಂಪೆನಿ ಅಳತೆಗೇ. ತಗಡು ಹೋಗಿದ್ದರೆ ಎಂಜಿನ್ನಿಗೆ ಹಾಕುವ ಹಣವನ್ನು ಮುಂದಿನ ಗಾಡಿಗೆ ಎತ್ತಿಡುವುದು ಒಳ್ಳೆಯದು.